ಮೊದಲ ಪ್ಯಾಚ್ ಕಳಿಸುವ ಮುಂಚೆ

ಮೈಸೂರು

ಚಿ. ಸುಮಂತನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ದೊಡ್ಡಪ್ಪನ ಮಂಡಿನೋವು ಮಾತ್ರ ಮಳೆಗಾಲ ಮುಗಿಯುವವರೆಗೆ ಹೀಗೇ.

ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಕಳಿಸಬಹುದಾದ ಓಪನ್ ಸೋರ್ಸ್ ಯೋಜನೆಯೊಂದಕ್ಕೆ ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ ಮೂರು ದಿನವಾದರೂ ಯಾರೂ ತಿರುಗಿ ನೋಡಿಲ್ಲ ಅಂತ ಮುನಿಸಿಕೊಂಡಿದ್ದೀಯಂತೆ. ನಿಮ್ಮಮ್ಮ ಹೇಳಿದಳು. ತೆರೆದು ನೋಡಿದೆ. ಯೋಜನೆಯ ಪರಿಚಯವಿರುವ ರೀಡ್‌ಮಿ ಕಡತಕ್ಕೆ 'ಅದ್ಭುತ' ಅಂತ ಒಂದು ಪದ ಸೇರಿಸಿದ್ದೀಯ. ಅದು ಕೊಡುಗೆಯಲ್ಲ ಕಣೋ, ಬರೀ ಹಾಜರಿ. ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟು ಕೊಡುತ್ತಿದ್ದ 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಅದರ ಆಸೆಗೆ ಜನ ಇದನ್ನೇ ಮಾಡಿ ಮೇಂಟೇನರ್‌ಗಳಿಗೆ (ಯೋಜನೆ ನೋಡಿಕೊಳ್ಳುವವರಿಗೆ) ಸಾಕುಸಾಕು ಮಾಡಿದ್ದರು. ಭಾಗವಹಿಸಲು ಒಪ್ಪಿಕೊಂಡ ಯೋಜನೆಗಳಿಗೆ ಮಾತ್ರ ಅಂತ ನಿಯಮವನ್ನೇ ಬದಲಿಸಬೇಕಾಯಿತು.

ನಿನ್ನ ಕಾಲಿಗೇ ಚುಚ್ಚಿದ ಮುಳ್ಳಿನಿಂದ ಶುರು ಮಾಡು. ಹೋದ ಸಲ ಬಂದಾಗ 'ರ‍್ಯಾಂಕ್' ಬರೆಯಲು ಹೋಗಿ ಅರ್ಕಾವತ್ತು ಬಂತು ಅಂತ ಬೈದುಕೊಂಡೆಯಲ್ಲ? ಕಂಪ್ಯೂಟರ್ ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ರ, ಹಲಂತ (್), ಯ ಸಾಲಾಗಿ ಬಂದರೆ 'ಸೂರ್ಯ'ದಲ್ಲಿರುವಂತೆ ಅರ್ಕಾವತ್ತೇ. ಯ ಒತ್ತು ಬೇಕಿದ್ದರೆ ರಕಾರಕ್ಕೂ ಹಲಂತಕ್ಕೂ ನಡುವೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಇಡಬೇಕು. ಕೆಲವು ತಂತ್ರಾಂಶಗಳು ಅದನ್ನು ಕಸವೆಂದು ಗುಡಿಸಿಹಾಕುತ್ತವೆ, ಕೆಲವಕ್ಕೆ ಅದರಿಂದ ಹುಡುಕಾಟವೇ ತಪ್ಪುತ್ತದೆ. ಕನ್ನಡ ಬಾರದೆ ಬರ್ಲಿನ್‌ನಲ್ಲಿ ಕೂತ ಮೇಂಟೇನರ್ ಎಷ್ಟೇ ಜಾಣನಾದರೂ ಇದು ಅವನ ಕಣ್ಣಿಗೆ ಬೀಳುವುದು ಕಷ್ಟ. ಈ ದೋಷದ ಬಗ್ಗೆ ಹಳೆಯ ವರದಿ ಇದೆಯಾ ಹುಡುಕು. ಇಲ್ಲದಿದ್ದರೆ ನೀನೇ ಬರೆ: ಯಾವ ಆವೃತ್ತಿ, ಯಾವ ಫಾಂಟು, ಏನು ಒತ್ತಿದೆ, ಏನು ಬಂತು, ಏನು ಬರಬೇಕಿತ್ತು.

ನನ್ನ ಮೊದಲ ಪ್ಯಾಚು, ಅಂದರೆ ಕೋಡಿನ ತಿದ್ದುಪಡಿ, ಎರಡೇ ಸಾಲಿನದು. ಆದರೆ ಎಡಿಟರು ಇಡೀ ಕಡತದ ಟ್ಯಾಬುಗಳನ್ನು ಸ್ಪೇಸ್ ಮಾಡಿಟ್ಟಿತ್ತು. ನೋಡದೆ ಕಳಿಸಿದೆ. ನಾನೂರು ಸಾಲು ಬದಲಾದ ಹಾಗೆ ಕಂಡಿತು. "ನೀವು ತಿದ್ದಿದ್ದೇನೆಂದು ಹುಡುಕಲು ನನಗೆ ಪುರುಸೊತ್ತಿಲ್ಲ" ಅಂತ ಒಂದು ಸಾಲಿನ ಉತ್ತರ ಬಂತು. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ನೋಡಿದರೆ ಆತ ಹೇಳಿದ್ದು ಸರಿಯೇ. ಕಳಿಸುವ ಮುಂಚೆ ಡಿಫ್ (ಏನೇನು ಬದಲಾಯಿತು ಎಂಬ ಪಟ್ಟಿ) ಅನ್ನು ಬೇರೆ ಯಾರೋ ಬರೆದದ್ದೆಂಬಂತೆ ಓದು.

ತಡವಾದರೆ ಅಹಂಕಾರ ಅಂದುಕೊಳ್ಳಬೇಡ. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ (xz) ತಂತ್ರಾಂಶದ ಕಥೆ ಓದಿದ್ದೀಯಾ? ಹೆಚ್ಚುಕಮ್ಮಿ ಒಬ್ಬನೇ ನೋಡಿಕೊಳ್ಳುತ್ತಿದ್ದ ಯೋಜನೆ, ಅವನೂ ದಣಿದಿದ್ದ. ಜಿಯಾ ಟ್ಯಾನ್ ಅನ್ನುವ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಮಿಕ್ಕಿ ಪ್ಯಾಚು ಕಳಿಸಿ, ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೆ ಕದ್ದು ನುಗ್ಗಲು ಹಿಂಬಾಗಿಲು ಇಟ್ಟರು. ದೂರದ ಕಂಪ್ಯೂಟರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ನಿಧಾನವಾಯಿತೇಕೆ ಅಂತ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರು ಕೆದಕಿದ್ದರಿಂದ ಸಿಕ್ಕಿಬಿತ್ತು. ಇದಾದಮೇಲೆ ಹೊಸಬನ ಕೋಡನ್ನು ಕಣ್ಣುಮುಚ್ಚಿ ಯಾರು ಸೇರಿಸಿಕೊಳ್ಳುತ್ತಾರೆ ಹೇಳು? ಎರಡು ವಾರ ಬಿಟ್ಟು ಒಮ್ಮೆ ನೆನಪಿಸು. ಅಷ್ಟರೊಳಗೆ ಬೇರೆಯವರ ಪ್ಯಾಚೊಂದನ್ನು ನಿನ್ನ ಯಂತ್ರದಲ್ಲಿ ಓಡಿಸಿ, ಏನಾಯಿತು ಅಂತ ಬರೆ. ಅವರ ಹೊರೆ ಅಷ್ಟು ಇಳಿದೀತು.

ವರದಿಯ ಕರಡು ನನಗೆ ಕಳಿಸು, ಇಂಗ್ಲಿಷು ನಾನು ನೋಡುತ್ತೇನೆ. ಒತ್ತಕ್ಷರ ದೊಡ್ಡಪ್ಪ ನೋಡುತ್ತಾರೆ, ನಿವೃತ್ತಿಯಾದರೂ ಕೆಂಪು ಪೆನ್ನು ಬಿಟ್ಟಿಲ್ಲ.

ಇತಿ,
ನಿನ್ನ ದೊಡ್ಡಮ್ಮ