ಚಾಕಿಯ ದಿನಗಳು

ಶಿಡ್ಲಘಟ್ಟ

ಚಿರಂಜೀವಿ ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಯುಗಾದಿಗೆ ನೀವು ಬಂದು ಹೋದಾಗಿನಿಂದ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ಹತ್ತು ತಿಂಗಳ ಕೂಸಿಗೆ ರಾಗಿ ಸರಿ ತಿನ್ನಿಸುವಾಗ ಚೊಂಬಿಗೆ ಮೊಬೈಲ್ ಒರಗಿಸಿ ಇಟ್ಟಿದ್ದೆ. ಎರಡು ಸಲ ಮಗು ಪರದೆ ಬಿಟ್ಟು ನಿನ್ನ ಮುಖ ನೋಡಿ "ಬ್ಬ ಬ್ಬ" ಎಂದಿತು. ನೀನು ಇನ್ನೊಂದು ಫೋನಿನಲ್ಲಿದ್ದೆ. ಮೂರನೆಯ ಸಲ ಅದು ತಿರುಗಲಿಲ್ಲ.

ನೀನು ರೇಷ್ಮೆ ಹುಳುಮನೆಯಲ್ಲಿ ಬೆಳೆದವನು. ಎರಡನೆಯ ಜ್ವರ, ಅಂದರೆ ಎರಡನೆಯ ಸಲ ಪೊರೆ ಬಿಡುವ ಹೊತ್ತು, ಕಳೆಯುವವರೆಗೆ ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಹುಳುವಿಗೆ, ಎಳೆ ಹಿಪ್ಪುನೇರಳೆ ಸೊಪ್ಪನ್ನೇ ಸಣ್ಣಗೆ ಹೆಚ್ಚಿ ಹಾಕುತ್ತಿದ್ದೆವು. ಕಾವು, ತೇವ ಏರುಪೇರಾಯಿತೇ ಎಂದು ನಿನ್ನ ದೊಡ್ಡಮ್ಮ ನಡುರಾತ್ರಿ ಎದ್ದು ನೋಡುತ್ತಿದ್ದಳು. ಚಾಕಿ ಕೆಟ್ಟರೆ ಆಮೇಲೆ ಎಷ್ಟು ಸೊಪ್ಪು ಸುರಿದರೂ ಗೂಡು ತೂಕಕ್ಕೆ ಬರುವುದಿಲ್ಲ. ಮಗುವಿನ ಮಿದುಳಿಗೂ ಅಂಥದೊಂದು ಕಾಲವಿದೆ. ಐದು ವರ್ಷದ ಹೊತ್ತಿಗೆ ಅದು ದೊಡ್ಡವರ ಮಿದುಳಿನ ಗಾತ್ರದಲ್ಲಿ ಸುಮಾರು ನೂರಕ್ಕೆ 90ರಷ್ಟು ಬೆಳೆದಿರುತ್ತದೆ. ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಹೆಚ್ಚು ಕೊಂಡಿಗಳು ಹುಟ್ಟುತ್ತವೆ. ಬಳಕೆಯಾದವು ಗಟ್ಟಿಯಾಗುತ್ತವೆ, ಉಳಿದವು ಉದುರುತ್ತವೆ. ಮಗುವಿನ ಕೂಗಿಗೆ ನಾವು ಓಗೊಡುವುದೂ ಆ ಬಳಕೆಯೇ.

1989ರಲ್ಲಿ ರುಮೇನಿಯಾದ ಸರ್ಕಾರ ಉರುಳಿದಾಗ ಅಲ್ಲಿನ ಅನಾಥಾಲಯಗಳ ಕಥೆ ಹೊರಬಂತು. ಸಾಲು ತೊಟ್ಟಿಲುಗಳು, ಎತ್ತಿಕೊಳ್ಳಲು ಕೈಗಳಿಲ್ಲ. ಅತ್ತರೂ ಯಾರೂ ಬಾರದೆ ಎಷ್ಟೋ ಮಕ್ಕಳು ಅಳುವುದನ್ನೇ ಬಿಟ್ಟಿದ್ದವು. ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಗುರುತಿಲ್ಲದವರು ಕರೆದರೂ ಕೆಲವು ಮಕ್ಕಳು ಹಿಂದುಮುಂದು ನೋಡದೆ ಹೊರಟುಬಿಡುತ್ತಿದ್ದವು. ಆಮೇಲೆ ಅಲ್ಲಿನ ರಾಜಧಾನಿ ಬುಕಾರೆಸ್ಟಿನಲ್ಲಿ ಅನಾಥಾಲಯಗಳ 136 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳುಹಿಸಿದ್ದರು. ಅವು ಅಲ್ಲೇ ಉಳಿದವಕ್ಕಿಂತ ಹೆಚ್ಚು ಚೇತರಿಸಿಕೊಂಡವು; ಎರಡು ವರ್ಷ ತುಂಬುವ ಮೊದಲೇ ಹೋದವು ಇನ್ನೂ ಚೆನ್ನಾಗಿ.

ಹೆದರಬೇಡ. ನಿನ್ನ ಮಗುವಿಗೆ ಮನೆಯಿದೆ, ಮಡಿಲಿದೆ. ಒಂದು ಹೊತ್ತಿನ ಮೊಬೈಲಿನಿಂದ ಅದೇನೂ ಹಾಳಾಗುವುದಿಲ್ಲ. ಮನುಷ್ಯರ ಮಗು ಹುಳುವೂ ಅಲ್ಲ, ತಡವಾದರೂ ತಿದ್ದಿಕೊಳ್ಳುವ ಶಕ್ತಿ ಅದಕ್ಕಿದೆ. ಆದರೆ ಅದು ಸುಲಭವಾಗಿ ಕಲಿಯುವ ಕಾಲ ಇದು. ಹಿರಿಯರ ಎದುರು ಸ್ವಂತ ಮಗುವನ್ನು ಎತ್ತಬಾರದು ಎಂಬ ಕಟ್ಟಳೆಗೆ ತಲೆಬಾಗಿ ನಾನು ನನ್ನ ಮಕ್ಕಳ ಎಳೆತನವನ್ನೆಲ್ಲ ಕಳೆದುಕೊಂಡೆ. ಈಗಲೂ ಅವರು ಕಷ್ಟ ಹೇಳಿಕೊಳ್ಳುವುದು ದೊಡ್ಡಮ್ಮನ ಬಳಿಯೇ.

ಸಂಜೆ ಬಂದೊಡನೆ ಎತ್ತಿಕೋ. ಅದು "ಬ" ಎಂದರೆ ನೀನೂ "ಬ" ಎನ್ನು. ಮತ್ತೆ ಅದರ ಸರದಿಗೆ ಕಾಯಿ. ಅಜ್ಜಿ ತೆಲುಗಿನಲ್ಲಿ ಮಾತನಾಡಿಸಿದರೆ ತಡೆಯಬೇಡ, ಎರಡು ಭಾಷೆ ಮಗುವಿಗೆ ಭಾರವಲ್ಲ.

ನಾಡಿದ್ದು ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುತ್ತದೆ. ಗೂಡು ಕಟ್ಟುವ ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಟ್ಟು, ಗೂಡು ಮಾರಿದ ಮೇಲೆ ಬರುತ್ತೇನೆ. ದೊಡ್ಡಮ್ಮ ಮೊಳಕೆ ರಾಗಿ ಹಿಟ್ಟು ಕಟ್ಟಿಡುತ್ತಿದ್ದಾಳೆ.

ಇಂತು,
ನಿನ್ನ ದೊಡ್ಡಪ್ಪ