ಚಿತ್ರ ನೋಡಿ ‘ಹೊಸ ಪ್ರಭೇದ’ ಎನ್ನಬೇಡಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಹೊಸ ಕೀಟ ಸಿಕ್ಕಿತೆಂಬ ಸುದ್ದಿಗಳು ಮೊಬೈಲ್ ಚಿತ್ರವೊಂದರ ಜೊತೆ ಆಗಾಗ ಪ್ರಕಟವಾಗುತ್ತವೆ. ನಮ್ಮ ಕಾಡು, ತೋಟಗಳ ಹುಳುಗಳಿಗೆ ಪತ್ರಿಕೆಯಲ್ಲಿ ಜಾಗ ಸಿಗುವುದು ಸಂತೋಷವೇ. ಆದರೆ ರೋವ್ ದುಂಬಿಯಂಥ ಗುಂಪಿನಲ್ಲಿ ಬರೀ ಚಿತ್ರ ನೋಡಿ ಹೊಸದೆಂದು ಹೇಳಲು ಬರುವುದಿಲ್ಲ. ಲ್ಯಾಟಿನ್ ಹೆಸರು, ವರ್ಣನೆ ಅಚ್ಚಾದ ವಿಜ್ಞಾನ ಪತ್ರಿಕೆ, ಹೆಸರಿಗೆ ಆಧಾರವಾದ ಮಾದರಿ ಕೀಟವನ್ನು ಇರಿಸಿದ ಸಂಗ್ರಹಾಲಯ, ಈ ಮೂರು ವಿವರ ಇಲ್ಲದಿದ್ದರೆ ದಯವಿಟ್ಟು ‘ಹೊಸ ಪ್ರಭೇದ’ ಎಂಬ ತಲೆಬರಹ ಕೊಡಬೇಡಿ.

ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದ ರೋವ್ ದುಂಬಿಗಳೇ 60 ಸಾವಿರಕ್ಕೂ ಹೆಚ್ಚು. ಬಹುಪಾಲು 2ರಿಂದ 8 ಮಿಲಿಮೀಟರ್ ಉದ್ದದವು. ಗಟ್ಟಿಯಾದ ಮುಂರೆಕ್ಕೆ ಮೊಟಕಾಗಿದ್ದು, ಹೊಟ್ಟೆಯ ಹೆಚ್ಚಿನ ಭಾಗ ಹೊರಗೇ ಕಾಣುತ್ತದೆ. ಹಾರುವ ಹಿಂರೆಕ್ಕೆ ಮಡಚಿಕೊಂಡು ಮುಂರೆಕ್ಕೆಯ ಅಡಿಯಲ್ಲಿರುತ್ತದೆ. ಕಾಫಿ ತೋಟದ ದರಗು, ಸಗಣಿ, ಅಣಬೆ, ಹಳ್ಳದ ದಂಡೆಯ ಮರಳು, ಎಲ್ಲೆಲ್ಲೂ ಇವೆ. ದೀಪಕ್ಕೆ ಬಂದು ಕುತ್ತಿಗೆ ಮೇಲೆ ಬೊಬ್ಬೆ ಎಬ್ಬಿಸುವ ಕಿತ್ತಳೆ–ಕಪ್ಪು ಬಣ್ಣದ ‘ಆಸಿಡ್ ಹುಳ’ವೂ ಇದೇ ಕುಟುಂಬದ ಪೆಡೆರಸ್. ಅದು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಕೂತಾಗ ಉಜ್ಜಿದರೆ ದೇಹದೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಾಗಿ, ಒಂದೆರಡು ದಿನದಲ್ಲಿ ಸುಟ್ಟಂತೆ ಬೊಬ್ಬೆ ಏಳುತ್ತದೆ. ಊದಿ ಹಾರಿಸಿ, ಸೋಪಿನಲ್ಲಿ ತೊಳೆದುಕೊಂಡರೆ ಸಾಕು. ಗದ್ದೆಯಲ್ಲಿ ಜಿಗಿಹುಳು ತಿನ್ನುವ ಈ ಉಪಕಾರಿ ಹಳೆಯ ಪರಿಚಯದ್ದೇ. ಅದನ್ನು ಹೊಸ ವಿಷಕೀಟವೆಂದು ಹೆದರಿಸುವುದು ಬೇಡ.

ಹೊಸದೆಂದು ಸಾಬೀತುಪಡಿಸುವ ಕೆಲಸ ನಿಧಾನದ್ದು. ಮೊದಲು ಗಂಡು ಬೇಕು. ಒಂದೇ ಕುಲದ ಎರಡು ಪ್ರಭೇದಗಳು ಬಣ್ಣ, ಗಾತ್ರದಲ್ಲಿ ಒಂದೇ ತೆರನಾಗಿದ್ದು, ಗಂಡಿನ ಜನನಾಂಗದ ಆಕಾರದಲ್ಲಷ್ಟೇ ಬೇರೆಯಾಗಿರುವುದು ಇಲ್ಲಿ ಸಾಮಾನ್ಯ. ಒಣಗಿದ ದುಂಬಿಯನ್ನು ಬಿಸಿನೀರಿನಲ್ಲಿ ಮೆದು ಮಾಡಿ, ಹೊಟ್ಟೆಯ ತುದಿಯಿಂದ ಆ ಅಂಗವನ್ನು ಸೂಕ್ಷ್ಮ ಸೂಜಿಯಲ್ಲಿ ಎಳೆದು, ಶೇ 10ರ ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮಾಂಸ ಕರಗುವವರೆಗೆ ಇಡಬೇಕು. ಬಿಸಿ ಮಾಡಿದರೆ ನಿಮಿಷಗಳು, ತಣ್ಣಗಿದ್ದರೆ ಗಂಟೆಗಳು. ಮೈಮರೆತರೆ ತೆಳು ಭಾಗಗಳು ಬಣ್ಣಗೆಟ್ಟು, ಸೊರಗಿ, ನೋಡಬೇಕಾದ ಗುರುತೇ ಹೋಗುತ್ತದೆ. ಆಮೇಲೆ ಗ್ಲಿಸರಿನ್‌ನಲ್ಲಿಟ್ಟು ಚಿತ್ರ ಬರೆಯುತ್ತಾರೆ. ಆ ತುಣುಕು ಅದೇ ದುಂಬಿಯ ಪಿನ್ನಿನಲ್ಲೇ ಉಳಿಯಬೇಕು. ಬೇರಾದರೆ ಯಾವುದು ಯಾರದ್ದೆಂದು ಮತ್ತೆ ಹೇಳಲಾಗದು.

ಇದಕ್ಕಿಂತ ಕಷ್ಟದ್ದು ಹೋಲಿಕೆ. ನಮ್ಮ ದೇಶದ ರೋವ್ ದುಂಬಿಗಳಿಗೆ ಇಂದಿಗೂ ಆಧಾರ, ಬ್ರಿಟಿಷ್ ಕೀಟತಜ್ಞ ಮಾಲ್ಕಮ್ ಕ್ಯಾಮರಾನ್ 1930ರಿಂದ 1939ರ ನಡುವೆ ಬರೆದ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಸಂಪುಟಗಳು. ಅವರ ಸಂಗ್ರಹ ಇರುವುದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ. ಅಲ್ಲಿನ ಮೂಲ ಮಾದರಿಯನ್ನು ನೋಡದೆ ಹೆಸರಿಟ್ಟರೆ ಹಳೆಯ ದುಂಬಿಗೇ ಎರಡನೇ ಹೆಸರು ಬೀಳುವ ಅಪಾಯವಿದೆ. ಆಗಷ್ಟೇ ಪೊರೆ ಬಿಟ್ಟು ಬಂದ, ಬಣ್ಣ ಕಟ್ಟದ ಎಳೆಯ ದುಂಬಿಯನ್ನು ತಿಳಿ ಬಣ್ಣದ ಬೇರೆ ಪ್ರಭೇದವೆಂದು ಭ್ರಮಿಸುವುದೂ ಉಂಟು. ಡಿಎನ್‌ಎಯ ಒಂದು ತುಣುಕಿನಿಂದ ಪ್ರಭೇದ ಗುರುತಿಸುವ ಡಿಎನ್‌ಎ ಬಾರ್‌ಕೋಡ್ ಸಹಾಯ ಮಾಡುತ್ತದೆ, ನಿಜ. ಆದರೆ ಹೋಲಿಸಲು ಹತ್ತಿರದ ಪ್ರಭೇದಗಳ ಡಿಎನ್‌ಎ ವಿವರವೇ ಇಲ್ಲದಿದ್ದರೆ ಅದರಿಂದ ತೀರ್ಮಾನ ಬರುವುದಿಲ್ಲ.

ಕೊನೆಗೆ ಒಂದೇ ಒಂದು ಕೀಟವನ್ನು ‘ಹೋಲೋಟೈಪ್’ (ಹೆಸರಿಗೆ ಆಧಾರವಾದ ಮಾದರಿ) ಎಂದು ಗುರುತಿಸಿ, ಅದು ಎಲ್ಲಿದೆ ಎಂಬುದನ್ನು ಪ್ರಕಟಿಸಬೇಕು. ಪ್ರಾಣಿಗಳ ನಾಮಕರಣದ ಅಂತರರಾಷ್ಟ್ರೀಯ ನಿಯಮದಲ್ಲಿ 2000ದಿಂದ ಹೀಗೆ ಆಧಾರ ಮಾದರಿ ಗುರುತಿಸುವುದು ಕಡ್ಡಾಯ. ಅಂತರ್ಜಾಲದಲ್ಲಷ್ಟೇ ಬರುವ ವಿಜ್ಞಾನ ಪತ್ರಿಕೆಯಾದರೆ ಪ್ರಾಣಿಗಳ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು. ಫೇಸ್‌ಬುಕ್ಕಿನಲ್ಲಿ ಇಟ್ಟ ಹೆಸರು ಹೆಸರಲ್ಲ. ನಮ್ಮ ಜೀವವೈವಿಧ್ಯ ಕಾಯಿದೆ, 2002ರ 39ನೇ ಸೆಕ್ಷನ್ ಪ್ರಕಾರ, ಹೊಸ ಜೀವಿ ಕಂಡುಹಿಡಿದವರು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ, ಮಾದರಿಯನ್ನೂ ಒಪ್ಪಿಸಬೇಕು.

ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಈ ಕಟ್ಟುನಿಟ್ಟು ಇನ್ನೂ ಹೆಚ್ಚು ಮುಖ್ಯ. ಬೆಟ್ಟದ ಶೋಲಾ ಕಾಡುಗಳ ದರಗಿನಲ್ಲಿ ವಾಸಿಸುವ ರೋವ್ ದುಂಬಿಗಳಲ್ಲಿ ಹಿಂರೆಕ್ಕೆ ಕ್ಷೀಣಿಸಿ ಹಾರಲಾರದವು ಇರುತ್ತವೆ. ಅಂಥವು ಒಂದೇ ಬೆಟ್ಟಕ್ಕೆ ಸೀಮಿತವಾಗಿರಬಹುದು. ಹಾಗಾಗಿ ಕೀಟದ ಜೊತೆ ಇಡುವ ಚೀಟಿಯಲ್ಲಿ ಬರೀ ‘ಚಿಕ್ಕಮಗಳೂರು’ ಎಂದು ಬರೆದರೆ ಏನೂ ಬರೆಯದಷ್ಟೇ ಸರಿ. ಬಾಬಾಬುಡನ್‌ಗಿರಿಯೋ ಕೆಮ್ಮಣ್ಣುಗುಂಡಿಯೋ, ಅಕ್ಷಾಂಶ, ರೇಖಾಂಶ, ಎತ್ತರ, ತಾರೀಕು, ಹಿಡಿದ ವಿಧಾನ, ಇಷ್ಟೂ ಬೇಕು. ಬಾಲ್‌ಪೆನ್ನಿನ ಶಾಯಿ ಕೀಟವನ್ನು ಕೆಡದಂತೆ ಇಡುವ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ದಪ್ಪ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಚೀಟಿಯನ್ನು ಸೀಸೆಯ ಒಳಗೇ ಹಾಕಿ.

ತೋಟದಲ್ಲಿ ಹುಡುಕುವ ವಿದ್ಯಾರ್ಥಿಗಳು ದರಗನ್ನು ಮೇಲಿಂದಲ್ಲ, ಮಣ್ಣಿಗೆ ಅಂಟಿದ ಒದ್ದೆ ಪದರದವರೆಗೆ ಬಾಚಿ, 8ರಿಂದ 10 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಬಿಳಿ ಬಟ್ಟೆಯ ಮೇಲೆ ಸೋಸಬೇಕು. ಸೋಸಿದ್ದನ್ನು ಸ್ವಲ್ಪ ಹೊತ್ತು ಅಲ್ಲಾಡಿಸದೆ ಬಿಡಿ. ಸತ್ತಂತೆ ಬಿದ್ದವು ಆಗಲೇ ಓಡಲು ಶುರುಮಾಡುವುದು. ಸಿಕ್ಕಿದ್ದನ್ನು ಶೇ 80ರ ಆಲ್ಕೋಹಾಲ್‌ಗೆ, ಡಿಎನ್‌ಎಗೆಂದು ಕೆಲವನ್ನು ಶೇ 95ಕ್ಕೂ ಹೆಚ್ಚಿನದಕ್ಕೆ ಹಾಕಿ. ಮಳೆಗಾಲದಲ್ಲಿ ಹಾಗೇ ಡಬ್ಬಿಯಲ್ಲಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಭದ್ರಾ, ಕುದುರೆಮುಖದಂಥ ರಕ್ಷಿತ ಕಾಡಿನಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಹುಳುವನ್ನೂ ತೆಗೆಯಬಾರದು. ಸೋಸಿ ಉಳಿದ ದರಗನ್ನು ಅದೇ ಮರದ ಬುಡಕ್ಕೆ ಹಿಂದಕ್ಕೆ ಹಾಕಿ.

ಹೆಸರಿಟ್ಟ ಮೇಲೂ ಮುಂದೊಂದು ದಿನ ಆ ದುಂಬಿ ಹಳೆಯ ಪ್ರಭೇದವೇ ಎಂದು ಗೊತ್ತಾದರೆ, ಆ ಸುದ್ದಿಯನ್ನೂ ಮೊದಲಿನಷ್ಟೇ ಜಾಗ ಕೊಟ್ಟು ಪ್ರಕಟಿಸಬೇಕೆಂದು ಕೋರುತ್ತೇವೆ.

– ಕೀಟ ವರ್ಗೀಕರಣದ ಅಭ್ಯಾಸಿಗಳು, ಚಿಕ್ಕಮಗಳೂರು