ಸೇರುವ ತಾರೀಕಿನ ಬೆಲೆ ಮೊದಲೇ ಹೇಳಿ

ಸಂಪಾದಕರಿಗೆ ನಮಸ್ಕಾರ.

ಪೈಲಟ್ ಆಗುವುದು ಹೇಗೆ ಅಂತ ಪತ್ರಿಕೆಗಳ ಶಿಕ್ಷಣ ಪುಟದಲ್ಲಿ ಆಗಾಗ ಬರುತ್ತದೆ. 200 ಗಂಟೆ ಹಾರಾಟ, ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಕೇಂದ್ರ ಸರ್ಕಾರದ ಇಲಾಖೆ) ಪರೀಕ್ಷೆ, ಮೆಡಿಕಲ್, ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ), ಎಲ್ಲ ಇರುತ್ತದೆ. ಕೆಲಸ ಸಿಕ್ಕಿದ ಮೇಲಿನ ಕಥೆ ಮಾತ್ರ ಯಾರೂ ಬರೆಯುವುದಿಲ್ಲ. ಅದು ಗೊತ್ತಿಲ್ಲದೆ ನಮ್ಮ ಮನೆಯ ಹುಡುಗನಿಗೆ ನಷ್ಟ ಆಯಿತು.

ನನ್ನ ಅಕ್ಕನ ಮಗ ಬದಿಯಡ್ಕದವನು. ಅಡಿಕೆ ತೋಟದ ಮೇಲೆ ಸಾಲ ಮಾಡಿ ಕಲಿಸಿದ್ದು. ಒಂದು ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಆದರೆ ಸೇರುವ ದಿನವೂ ತಂಗಿಯ ಮದುವೆಯೂ ಒಂದೇ ವಾರ ಬಂತು. ಫೋನ್ ಮಾಡಿ ಕೇಳಿದರೆ, ಮುಂದಿನ ಬ್ಯಾಚ್‌ಗೆ ಬನ್ನಿ, ತೊಂದರೆ ಇಲ್ಲ ಅಂದರು. ಮೂರು ವಾರ ಬಿಟ್ಟು ಸೇರಿದ. ಅಷ್ಟರಲ್ಲಿ ಒಂದಿಡೀ ಬ್ಯಾಚ್ ಅವನಿಗಿಂತ ಸೀನಿಯರ್ ಆಗಿತ್ತು.

ಪಿಎಸ್‌ಸಿ ರ‍್ಯಾಂಕ್ ಲಿಸ್ಟ್ ಅಂದರೆ ಕಾಸರಗೋಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ, ಅಲ್ಲಿ ಅಂಕ ಲೆಕ್ಕ. ವಿಮಾನ ಕಂಪನಿಗಳಲ್ಲಿ ಸಾಮಾನ್ಯವಾಗಿ ಸೇರಿದ ತಾರೀಕೇ ಲೆಕ್ಕ. ಒಂದೇ ದಿನ ಸೇರಿದವರಲ್ಲಿ ಕೆಲವು ಕಂಪನಿ ವಯಸ್ಸು ನೋಡುತ್ತದೆ, ಕೆಲವು ತರಬೇತಿಯ ಅಂಕ ನೋಡುತ್ತದೆ. ಹಾಗೆ ಬಿದ್ದ ಸೀನಿಯಾರಿಟಿ ನಂಬರ್, ಅಂದರೆ ಕಂಪನಿಯ ಪೈಲಟ್‌ಗಳ ಪಟ್ಟಿಯಲ್ಲಿನ ಸ್ಥಾನ, ಮೇಲಿನವರು ನಿವೃತ್ತರಾದರೆ ಅಥವಾ ಬಿಟ್ಟುಹೋದರೆ ಮಾತ್ರ ಮೇಲೇರುತ್ತದೆ, ಮತ್ತೆ ನಮ್ಮ ದೇಶದಲ್ಲಿ ಪೈಲಟ್ 65 ವರ್ಷದ ತನಕ ವಿಮಾನ ಹಾರಿಸಬಹುದು. ಬೇಸ್ (ಡ್ಯೂಟಿ ಶುರುವಾಗಿ ಮುಗಿಯುವ ಊರು) ಆಯಿತು, ರಜೆಯಾಯಿತು, ಕ್ಯಾಪ್ಟನ್ ಆಗುವ ಸರದಿಯಾಯಿತು, ಎಲ್ಲದಕ್ಕೂ ಈ ನಂಬರ್ ಅಡ್ಡ ಬರುತ್ತದೆ. ಬೇಸರವಾಗಿ ಬೇರೆ ಕಂಪನಿಗೆ ಹೋದರೆ ಹಾರಿದ ಗಂಟೆಗಳು ಜೊತೆಗೆ ಬರುತ್ತವೆ, ಸೀನಿಯಾರಿಟಿ ಬರುವುದಿಲ್ಲ. ಬಿಡುವುದೂ ಸುಲಭ ಅಲ್ಲ, 2017ರ ಡಿಜಿಸಿಎ ನಿಯಮದಲ್ಲಿ ಕೋ-ಪೈಲಟ್‌ಗೆ ನೋಟಿಸ್ ಅವಧಿಯೇ ಆರು ತಿಂಗಳು.

ಇವನು ಬೇಸ್‌ಗೆ ಬೆಂಗಳೂರು, ಹೈದರಾಬಾದ್, ಚೆನ್ನೈ ಅಂತ ಇಷ್ಟ ಬರೆದುಕೊಟ್ಟಿದ್ದ. ಖಾಲಿ ಇದ್ದ ಜಾಗಗಳನ್ನು ಮೊದಲ ಬ್ಯಾಚಿನವರು ತೆಗೆದುಕೊಂಡರು, ಇವನಿಗೆ ಉಳಿದದ್ದು ಕೋಲ್ಕತ್ತಾ. ಮಂಗಳೂರೂ ಕಣ್ಣೂರೂ ಹತ್ತಿರವೇ ಇವೆ, ವಿಮಾನ ಹತ್ತಿ ಹೋಗಿ ಬರಬಹುದಲ್ವಾ ಅಂತ ಅಕ್ಕ ಕೇಳಿದಳು. ಆಗುವುದಿಲ್ಲ. ಸ್ಟ್ಯಾಂಡ್‌ಬೈ ದಿನ, ಅಂದರೆ ಕರೆಗಾಗಿ ಸಿದ್ಧವಾಗಿ ಕಾಯುವ ದಿನ, ಕರೆ ಬಂದರೆ ಹೇಳಿದ ಹೊತ್ತಿನೊಳಗೆ ವಿಮಾನ ನಿಲ್ದಾಣದಲ್ಲಿ ಇರಬೇಕು, ಜೂನಿಯರ್‌ಗಳಿಗೆ ಹೆಚ್ಚಾಗಿ ಬೀಳುವುದೂ ಅದೇ. ಹಾಗಾಗಿ ಅಲ್ಲೇ ಬಾಡಿಗೆ ಮನೆ, ಇಲ್ಲಿ ಸಾಲದ ಕಂತು. ಎರಡು ದಿನ ರಜೆ ಸಿಕ್ಕಿದರೆ ದಾರಿಯಲ್ಲೇ ಮುಗಿಯುತ್ತದೆ.

ಸೀನಿಯಾರಿಟಿ ಪದ್ಧತಿ ತಪ್ಪು ಅಂತ ನಾನು ಹೇಳುವುದಿಲ್ಲ. ಯಾರದ್ದೋ ಶಿಫಾರಸಿನಿಂದ ಬೇಸ್ ಸಿಗುವುದಕ್ಕಿಂತ ಇದು ಎಷ್ಟೋ ನ್ಯಾಯ. ಆದರೆ ತಾರೀಕು ಮುಂದೆ ಹಾಕಿದರೆ ನಂಬರ್ ಕೆಳಗೆ ಹೋಗುತ್ತದೆ, ಬೇಸ್ ಕೈತಪ್ಪಬಹುದು ಅಂತ ಆಫರ್ ಲೆಟರಿನಲ್ಲಿ ಎರಡು ಸಾಲು ಬರೆಯಲು ಕಂಪನಿಗಳಿಗೆ ಏನು ಕಷ್ಟ? ಗೊತ್ತಿದ್ದಿದ್ದರೆ ನಾವು ಮದುವೆಯ ಮುಹೂರ್ತವನ್ನೇ ಬದಲಿಸುತ್ತಿದ್ದೆವು. ಸಾಲ ಮಾಡುವ ಮೊದಲೇ ಮನೆಯವರಿಗೆ ತಿಳಿಯುವ ಹಾಗೆ ನೀವೂ ಇದನ್ನು ಶಿಕ್ಷಣ ಪುಟದಲ್ಲಿ ವಿವರವಾಗಿ ಬರೆಯಬೇಕು ಅಂತ ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ನೀರ್ಚಾಲು, ಕಾಸರಗೋಡು